ಬೆಳೆಯ ಜೊತೆಗೆ ಬೆಳೆಗಾರನೂ ಉಳಿಯಲಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಸಾಲಗುಂದ, ಸಿಂಧನೂರು ಭಾಗದಲ್ಲಿ ನಾಟಿಯ ಗಡಿಬಿಡಿ ಆರಂಭವಾಗುತ್ತದೆ. "ಸಾಹೇಬ್ರ, ಜಿಗಿಹುಳಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಎಂದು ಕೇಳುವ ರೈತರು ಬಹಳ. ಎಣ್ಣೆ ಹೊಡೆಯುವವನ ಗತಿ ಏನು ಎಂದು ಕೇಳುವವರು ವಿರಳ. ವೈದ್ಯಕೀಯ ಸಂಶೋಧನೆಯಿಂದ ತಿಳಿದುಬಂದಿರುವ ಮೂರು ಸಂಗತಿಗಳು ನೆಲ್ಲಿನ ಗದ್ದೆಗೆ ಇಳಿಯುವ ಪ್ರತಿಯೊಬ್ಬರಿಗೂ ಸಂಬಂಧಪಟ್ಟಿವೆ.

ಹಾವಿನ ಕಡಿತ

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿಯೇ ಆಗಿವೆ. ನಮ್ಮ ಸರಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಸಾರಿತು.

ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು, ಬಾವು ಹೆಚ್ಚಾಗಿ ಇರುವುದಿಲ್ಲ. ಬೆಳಗಾಗುವಷ್ಟರಲ್ಲಿ ಕಣ್ಣಿನ ರೆಪ್ಪೆ ಜೋತುಬಿದ್ದು ಉಸಿರಾಟ ಕಷ್ಟವಾಗುತ್ತದೆ. ಆದುದರಿಂದ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವುದು ಉತ್ತಮ. ಹಾವು ಕಡಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಮಂತ್ರ, ನಾಟಿ ಔಷಧಿಗಳಿಗೆ ಹೊತ್ತು ಕಳೆಯಬಾರದು. ಕಡಿತವಾದ ಅಂಗವನ್ನು ಅಲುಗಾಡಿಸದೆ, ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು ಇರುವುದರಿಂದ ಹಾವನ್ನು ಹೊಡೆದು ತರುವ ಅವಶ್ಯಕತೆಯಿಲ್ಲ.

ಮೆದುಳು ಜ್ವರ

ಜಪಾನಿ ಮೆದುಳು ಜ್ವರದ ಸೊಳ್ಳೆ ನೀರು ನಿಂತ ನೆಲ್ಲಿನ ಗದ್ದೆಯಲ್ಲಿ ಮರಿ ಮಾಡುತ್ತದೆ. ರೋಗಾಣು ಹಂದಿ ಮತ್ತು ಬೆಳ್ಳಕ್ಕಿಗಳಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ ತಗಲುತ್ತದೆ. ಜ್ವರ, ತಲೆನೋವು, ಫಿಟ್ಸ್ ಇದರ ಲಕ್ಷಣಗಳು. ರೋಗಾಣುವನ್ನೇ ಕೊಲ್ಲುವ ಔಷಧಿ ಇಲ್ಲ, ಆದರೆ ಲಸಿಕೆ ಇದೆ. 9 ತಿಂಗಳಿಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಮಕ್ಕಳಿಗೆ ತಪ್ಪದೆ ಹಾಕಿಸಬೇಕು.

ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಆಗಾಗ ಆರಿಸಿ ಮತ್ತೆ ಕಟ್ಟಿದರೆ ಸೊಳ್ಳೆಯ ಮರಿಗಳು ಸಾಯುತ್ತವೆ. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ಆರಿಸಬಾರದು. ಹೀಗೆ ಉಳಿದ ನೀರು ಕಾಲುವೆಯ ಕೊನೆಯ ರೈತನಿಗೂ ಮುಟ್ಟೀತು.

ಕ್ರಿಮಿನಾಶಕ ಎಣ್ಣೆ

ಸಿಂಪಡಿಸುವಾಗ ವಿಷ ಮೈಸೇರುವುದು ಹೆಚ್ಚಾಗಿ ಚರ್ಮದ ಮೂಲಕ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾದರೆ ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಗಾಳಿಗೆ ಎದುರಾಗಿ ಹೊಡೆಯಬಾರದು. ಕೈಚೀಲ, ಪೂರ್ಣ ತೋಳಿನ ಅಂಗಿ ಧರಿಸತಕ್ಕದ್ದು. ವಿಷವೇರಿದರೆ ಬಟ್ಟೆ ಬಿಚ್ಚಿ, ಸಾಬೂನು ನೀರಿನಿಂದ ಮೈ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸಾಲ, ಜಗಳ, ಬೇಸರದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕ ಎಣ್ಣೆಯಿಂದ ಎಷ್ಟೋ ಮನೆಗಳ ದೀಪ ಆರಿದೆ. ಶ್ರೀಲಂಕಾದ 180 ಹಳ್ಳಿಗಳ ಪೈಕಿ ಅರ್ಧದಷ್ಟರಲ್ಲಿ ಎಣ್ಣೆ ಇಡಲು ಬೀಗದ ಪೆಟ್ಟಿಗೆ ಕೊಟ್ಟು ಪರೀಕ್ಷಿಸಿದರೂ ವಿಷಸೇವನೆ ಕಡಿಮೆಯಾಗಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು. ಆದರೆ ಅದೇ ದೇಶ 1995ರ ನಂತರ ಘೋರ ವಿಷಗಳನ್ನೇ ನಿಷೇಧಿಸಿದಾಗ, ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ನೆಲ್ಲಿನ ಇಳುವರಿ ಇಳಿಯಲಿಲ್ಲ. ಇದರಿಂದ ಕಲಿಯಬೇಕಾದ ಪಾಠ: ಕೆಂಪು ತ್ರಿಕೋನದ ಎಣ್ಣೆಯನ್ನು ಕೊಳ್ಳಬೇಡಿ. ಬೇರೆಯದಾದರೂ ಬೇಕಾದಷ್ಟೇ ತಂದು, ಉಳಿಸಿ ಮನೆಯಲ್ಲಿಡಬೇಡಿ. ಮಂಕಾಗಿ ಕೂತ ನೆರೆಯವನನ್ನು "ಯಾಕಪಾ, ಊಟ ಆತೇನು?" ಎಂದು ಮಾತಾಡಿಸಿ.

ಈ ಹಂಗಾಮಿನ ಬೆಳೆ ಕೆಟ್ಟರೆ ಮುಂದಿನ ಹಂಗಾಮು ಇದೆ. ಬೆಳೆಗಾರನಿಗೆ ಎರಡನೆಯ ಹಂಗಾಮಿಲ್ಲ. ಓದು ಬಲ್ಲವರು ಇದನ್ನು ಓದು ಬಾರದವರಿಗೆ ಓದಿ ಹೇಳಬೇಕೆಂದು ವಿನಂತಿ.