ಹಳೆ ಜೀಪಿಗೆ ಊರೆಲ್ಲ ವೈದ್ಯರು

ನಮ್ಮ ಮಲೆನಾಡಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಗೊಬ್ಬರ, ಅಡಿಕೆ ಚೀಲ ಹೊರುತ್ತಿವೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರುಗಳೂ ಕೆಲವು ಸದಸ್ಯರಲ್ಲಿವೆ. ಇವು ದಾರಿಯಲ್ಲಿ ನಿಂತು, ಬಾನೆಟ್ ಎತ್ತಿದರೆ ಸಾಕು, ಸಲಹೆಗಾರರು ಮುತ್ತಿಕೊಳ್ಳುತ್ತಾರೆ. ಒಬ್ಬರು ಕಾರ್ಬುರೇಟರ್ ಎಂದರೆ ಇನ್ನೊಬ್ಬರು ಪಾಯಿಂಟ್ ಎನ್ನುತ್ತಾರೆ. ಮೂರನೆಯವರು "ಮೊದಲು ತಳ್ಳಿ ನೋಡುವಾ ಮಾರಾಯ್ರೆ" ಎಂದು ಪಂಚೆ ಎತ್ತಿ ಕಟ್ಟುತ್ತಾರೆ. ಸೈಕಲ್ಲನ್ನೂ ಓಡಿಸದವರ ದನಿಯೇ ಎಲ್ಲಕ್ಕಿಂತ ಜೋರು. ಅರ್ಧ ಮೈಲಿ ತಳ್ಳಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲೇ ಇಲ್ಲವೆಂದು ತಿಳಿಯುವುದೂ ಉಂಟು!

ಆದರೂ ಈ ಮನೆಮದ್ದುಗಳನ್ನೆಲ್ಲ ನಕ್ಕು ತಳ್ಳುವಂತಿಲ್ಲ. ಇವುಗಳಲ್ಲಿ ಮೂರು ಬಗೆ.

ಮೊದಲನೆಯದು, ನಿಜಕ್ಕೂ ಫಲಿಸುವಂಥದ್ದು. ಬಿಸಿಲಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿನಲ್ಲೇ ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲುದು, ಆವಿಯನ್ನಲ್ಲ. ಅದರ ಮೇಲೆ ಒದ್ದೆ ಬಟ್ಟೆ ಹಾಕಿದರೆ ಆವಿ ತಣಿದು ಮತ್ತೆ ಪೆಟ್ರೋಲಾಗುತ್ತದೆ, ಗಾಡಿ ಹೊರಡುತ್ತದೆ.

ಎರಡನೆಯದು, ಮನೆ ಸೇರುವವರೆಗಿನದು. ಸೋರುವ ಟ್ಯಾಂಕಿಗೆ ಬಟ್ಟೆ ಸಾಬೂನು ಮೆತ್ತುತ್ತಾರೆ. ಸಾಬೂನು ಪೆಟ್ರೋಲಿನಲ್ಲಿ ಕರಗದು. ಆದರೆ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದಕ್ಕೆ ಸಾಬೂನನ್ನು ಕರಗಿಸುವ ಗುಣವಿದೆ. ಆದ್ದರಿಂದ ಹಳೆಯ ಮದ್ದನ್ನು ಹೆಚ್ಚು ನಂಬಬೇಡಿ. ರೇಡಿಯೇಟರಿಗೆ ಅರಿಶಿನವನ್ನೋ ಮೊಟ್ಟೆಯನ್ನೋ ಹಾಕುವುದೂ ಹೀಗೆಯೇ. ಸಣ್ಣ ತೂತು ಮುಚ್ಚಬಹುದು, ಜೊತೆಗೆ ಒಳಗಿನ ಕಿರಿದಾದ ಕೊಳವೆಗಳೂ ಮುಚ್ಚುತ್ತವೆ.

ಮೂರನೆಯದು ನಗುವ ವಿಷಯವಲ್ಲ. ರೇಡಿಯೇಟರ್ ಕುದಿಯುವಾಗ "ಮುಚ್ಚಳ ತೆಗೀರಿ" ಎನ್ನುವವರ ಮಾತು ಕೇಳಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗೂ ಮೇಲೆ ಕಾದಿರುತ್ತದೆ. ಮುಚ್ಚಳ ತೆರೆದೊಡನೆ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು. ಅರ್ಧ ಗಂಟೆಯಾದರೂ ಕಾಯಿರಿ, ಮುಚ್ಚಳ ಕೈಗೆ ತಣ್ಣಗಾದ ಮೇಲೆ ತೆರೆಯಿರಿ.

ಎಲ್ಲಕ್ಕಿಂತ ಘೋರವಾದುದು, ಬ್ರೇಕ್ ಆಯಿಲ್ ಮುಗಿದಾಗ ಇಂಜಿನ್ ಆಯಿಲ್ ಸುರಿಯುವುದು. "ಎಣ್ಣೆ ಎಣ್ಣೆಯೇ ಅಲ್ವೇ?" ಎಂಬುದು ವಾದ. ಇಂಜಿನ್ ಆಯಿಲ್ಲಿಗೆ ಬ್ರೇಕಿನೊಳಗಿನ ರಬ್ಬರ್ ವಾಷರುಗಳು ಊದಿ ಕೆಡುತ್ತವೆ. ಅಂದು ಹಿಡಿದ ಬ್ರೇಕು ಮುಂದೊಂದು ದಿನ ಇಳಿಜಾರಿನಲ್ಲಿ ಕೈಕೊಡುತ್ತದೆ. ಆಗ ಹಿಂದೆ ಕುಳಿತಿರುವವರು ನಮ್ಮ ತೋಟದ ಆಳುಗಳು, ಶಾಲೆಗೆ ಹೊರಟ ನಮ್ಮ ಮಕ್ಕಳು.

ಕೊಳೆರೋಗಕ್ಕೆ ಬೋರ್ಡೋ ಬದಲು ಮಜ್ಜಿಗೆ ಹೊಡೆಯಿರೆಂದರೆ ನಾವು ಒಪ್ಪುತ್ತೇವೆಯೇ? ಬ್ರೇಕಿನ ವಿಷಯದಲ್ಲೂ ಅಷ್ಟೇ ಹಟವಿರಲಿ. ಸೀಲು ಒಡೆಯದ ಬ್ರೇಕ್ ಆಯಿಲಿನ ಸಣ್ಣ ಡಬ್ಬಿಯೊಂದನ್ನು ಗಾಡಿಯಲ್ಲಿಡಿ; ತೆರೆದಿಟ್ಟದ್ದು ಗಾಳಿಯ ತೇವ ಹೀರಿ ಕೆಡುತ್ತದೆ. ಆಯಿಲ್ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಉಳಿದ ಸಲಹೆಗಳನ್ನು ಚಹಾದ ಜೊತೆ ಸವಿಯಲು ಅಡ್ಡಿಯಿಲ್ಲ.

— ಕಾರ್ಯದರ್ಶಿ