ಮಾಸ್ತಿ ಸೀಮೆಯ ಕೊಳವೆಬಾವಿಗಳು: ಹೊರಗೊಳವೆ ಮತ್ತು ಒಳಗೊಳವೆಗಳ ವಿಚಾರ

ಮಾಲೂರು ತಾಲ್ಲೂಕಿನ ಮಾಸ್ತಿಯ ಸುತ್ತಣ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಹಿಂದೆ ಕೆರೆಗಳನ್ನೂ ತೆರೆದ ಬಾವಿಗಳನ್ನೂ ನಂಬಿದ್ದ ಬೇಸಾಯವು ಈಗ ಬಹುಮಟ್ಟಿಗೆ ಕೊಳವೆಬಾವಿಯನ್ನು ಆಶ್ರಯಿಸಿರುವುದು. ನೆಲದಲ್ಲಿ ಕೊರೆದ ರಂಧ್ರವು ಬಾವಿಯಾಗಿ ಉಳಿಯಬೇಕಾದರೆ ಎರಡು ಕೊಳವೆಗಳು ಬೇಕು. ಮಣ್ಣು ಕುಸಿಯದಂತೆ ತಡೆಯತಕ್ಕದ್ದು ಹೊರಗೊಳವೆ. ಜನರು ಕೇಸಿಂಗ್ ಎನ್ನುವುದು ಇದನ್ನೇ. ಅದರೊಳಗೆ ಮೋಟಾರನ್ನು ಹೊತ್ತು ತೂಗುತ್ತ ನೀರನ್ನು ಮೇಲಕ್ಕೆ ತರತಕ್ಕದ್ದು ಒಳಗೊಳವೆ. ಎಣ್ಣೆಯ ಬಾವಿಗಳಲ್ಲಿಯೂ ವ್ಯವಸ್ಥೆ ಇಂಥದೇ ಆದುದರಿಂದ, ಅಲ್ಲಿ ಬೆಳೆದ ಶಾಸ್ತ್ರವು ಇಲ್ಲಿಯ ರೈತನಿಗೂ ಉಪಯುಕ್ತವಾಗಿರುವುದು.

೧೮೫೯ರಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಎಂಬಾತನು ಎಣ್ಣೆಗಾಗಿ ನೆಲವನ್ನು ಕೊರೆಯಿಸಿದಾಗ, ಮೇಲಣ ಸಡಿಲ ನೆಲವು ಕುಸಿದು ಕೆಲಸ ಕೆಡುತ್ತಿತ್ತು. ಆತನು ಕಬ್ಬಿಣದ ಕೊಳವೆಯನ್ನು ೩೨ ಅಡಿ ಕೆಳಗಿದ್ದ ಬಂಡೆಯವರೆಗೆ ಹೊಡೆದಿಳಿಸಿ, ಅದರ ಮೂಲಕ ಕೊರೆತವನ್ನು ಮುಂದುವರಿಸಿದನು. ಸುಮಾರು ೭೦ ಅಡಿಯಲ್ಲಿ ಎಣ್ಣೆ ದೊರೆಯಿತು. ಮಾಸ್ತಿಯಲ್ಲಿ ನಡೆಯುವ ಕೆಲಸದ ತತ್ತ್ವವೂ ಇದೇ. ಇಲ್ಲಿ ಮೇಲೆ ಮಣ್ಣು, ಅದರಡಿ ಶಿಥಿಲವಾದ ಗರಸು, ಅದರಡಿ ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ. ಶಿಲೆಯಲ್ಲಿ ರಂಧ್ರವು ತಾನಾಗಿಯೇ ನಿಲ್ಲುವುದು. ನೀರು ಅದರ ಬಿರುಕುಗಳಿಂದ ಒಸರುವುದು. ಆದುದರಿಂದ ಹೊರಗೊಳವೆಯು ಗಟ್ಟಿ ಶಿಲೆಯೊಳಕ್ಕೆ ಸ್ವಲ್ಪ ಇಳಿದು ಊರಿದರೆ ಸಾಕು.

ಕೊಳವೆಯ ಮೇಲೆ ಬೀಳುವ ಬಲಗಳು ಮೂರು: ಹೊರಗಿನಿಂದ ಅಮುಕುವುದು, ಒಳಗಿನಿಂದ ಸೀಳುವುದು, ಭಾರದಿಂದ ಜಗ್ಗುವುದು. ಹೊರಗೊಳವೆಗೆ ಇಲ್ಲಿ ಮುಖ್ಯವಾದುದು ಮೊದಲನೆಯದು. ಮಳೆಗಾಲದಲ್ಲಿ ಗರಸು ನೀರು ಕುಡಿದಿದ್ದು, ಬಾವಿಯ ನೀರು ಬಹಳ ಕೆಳಗಿದ್ದರೆ, ಹೊರಗಿನ ಒತ್ತಡವನ್ನು ಎದುರಿಸಲು ಒಳಗೆ ಏನೂ ಇರದು. ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯು ಆಗ ಚಪ್ಪಟೆಯಾಗುವ ಸಂಭವವುಂಟು.

ಒಳಗೊಳವೆಗೆ ಉಳಿದ ಎರಡು ಬಲಗಳೂ ಮುಖ್ಯ. ೩೦೦ ಮೀಟರು ಆಳಕ್ಕೆ ಎರಡಂಗುಲದ ಕಬ್ಬಿಣದ ಕೊಳವೆಯನ್ನು ಇಳಿಸಿದರೆಂದು ಇಟ್ಟುಕೊಳ್ಳಬಹುದು. ಮೀಟರಿಗೆ ಕೊಳವೆ ೫ ಕಿಲೋಗ್ರಾಂ, ನೀರು ೨ ಕಿಲೋಗ್ರಾಂ ಎಂದರೂ ಒಟ್ಟು ೨,೧೦೦ ಕಿಲೋಗ್ರಾಂ. ಮೋಟಾರಿನ ತೂಕ ಬೇರೆ. ಇದೆಲ್ಲವೂ ಎಲ್ಲಕ್ಕೂ ಮೇಲಿನ ಬೆಸುಗೆಯನ್ನೋ ತಿರುಪನ್ನೋ ಜಗ್ಗುವುದು. ಸೀಳುವ ಒತ್ತಡವಾದರೋ ಕೆಳತುದಿಯಲ್ಲಿ ಹೆಚ್ಚು: ೧೦ ಮೀಟರಿಗೆ ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋಗ್ರಾಮಿನಂತೆ ೩೦ ಕಿಲೋಗ್ರಾಂ. ಹೊರಗೆ ನಿಂತ ನೀರು ಇದರಲ್ಲಿ ಸ್ವಲ್ಪವನ್ನು ಸರಿದೂಗಿಸುವುದು. ಅಂತರ್ಜಲವು ಇಳಿದಂತೆಲ್ಲ ಆ ಸಹಾಯವೂ ಕುಗ್ಗುವುದು. ಆದುದರಿಂದ ಲೆಕ್ಕವನ್ನು ಇಂದಿನ ನೀರಿನ ಮಟ್ಟಕ್ಕಲ್ಲ, ಬರಗಾಲದ ಮಟ್ಟಕ್ಕೆ ಹಾಕತಕ್ಕದ್ದು. ಎಣ್ಣೆಯ ಬಾವಿಗಳಿಗೆ ಉಕ್ಕಿನ ಬಲವನ್ನು ಹೆಸರಿನಲ್ಲಿಯೇ ಸೂಚಿಸುವರು. 'ಜೆ-೫೫' ಎಂದರೆ ಚದರಂಗುಲಕ್ಕೆ ೫೫,೦೦೦ ಪೌಂಡು ಎಳೆತದವರೆಗೆ ಸೋಲದ ಉಕ್ಕು.

ಹೊರಗೊಳವೆಗೆ ಅಡಿಲೆಕ್ಕದಲ್ಲಿ ಹಣ ತೆರಬೇಕಾದುದರಿಂದ ಮಿತವ್ಯಯದ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ. ಕೊಳವೆಯು ಗರಸಿನಲ್ಲಿಯೇ ನಿಂತರೆ, ಒಂದು ಮಳೆಗಾಲದಲ್ಲಿ ಕಲ್ಲುಮಣ್ಣು ಜಾರಿ ಮೋಟಾರು ಸಿಕ್ಕಿಕೊಳ್ಳುವುದು; ಸಾಲಮಾಡಿ ಕೊರೆಯಿಸಿದ ಬಾವಿ, ಮೋಟಾರು, ನಿಂತ ಬೆಳೆ ಮೂರೂ ಒಟ್ಟಿಗೆ ಹೋಗುವುವು. ಅದರ ಉದ್ದವನ್ನು ನಿರ್ಣಯಿಸತಕ್ಕದ್ದು ಕೊರೆತದಲ್ಲಿ ಹೊರಬರುವ ಪುಡಿಯ ಪರೀಕ್ಷೆಯೇ ಹೊರತು ಬೆಲೆಯ ಪಟ್ಟಿಯಲ್ಲ.

ಹೊರಗೊಳವೆಯ ಸುತ್ತಲಿನ ಸಂದನ್ನು ಜೇಡಿಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚುವುದೂ ಅವಶ್ಯಕ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯವು ೨೦೧೮ರಲ್ಲಿ ಮೊದಲಾದ ಮೇಲೆ, ಅಂಥ ಕೆರೆಗಳ ಬಳಿಯ ಬಾವಿಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಸಂದು ತೆರೆದಿದ್ದರೆ ಮೇಲಿನ ನೀರು ಮಣ್ಣಿನಲ್ಲಿ ಸೋಸದೆ ನೇರವಾಗಿ ಆಳಕ್ಕಿಳಿಯುವುದು. ಬತ್ತಿದ ಬಾವಿಯಿಂದ ಕೊಳವೆಯನ್ನು ಕಿತ್ತು ಮಾರಿ ಬಾಯಿಯನ್ನು ತೆರೆದುಬಿಟ್ಟರೆ ಅದು ಮಕ್ಕಳಿಗೆ ಮೃತ್ಯುಮುಖ. ಅಂಥ ಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ವಿಧಿಸಿರುವುದು. ಬಾವಿಯನ್ನು ತೋಡುವ ದಿನದ ಲೆಕ್ಕದಲ್ಲಿಯೇ ಅದನ್ನು ಮುಚ್ಚುವ ದಿನದ ವೆಚ್ಚವೂ ಸೇರಿರತಕ್ಕದ್ದು.