ನಿಮಗಿದು ಗೊತ್ತೆ? ಒಂದೇ ನಾಯಿ, ಎರಡು ಸಂಘ, ಎರಡು ಹೆಸರು

ಯಾಪಲದಿನ್ನಿ, ದೇವದುರ್ಗ, ಮಾನ್ವಿ ಸೀಮೆಯ ಕುರಿಗಾಹಿ ತನ್ನ ನಾಯಿಯ ವಂಶಾವಳಿ ಬರೆದಿಡುವವನಲ್ಲ. ರಾತ್ರಿ ಹಟ್ಟಿಯ ಹತ್ತಿರ ತೋಳ ಸುಳಿದಾಗ ಅದು ಎದ್ದು ಬೊಗಳಿತೆ ಎಂಬುದೇ ಅವನ ಪರೀಕ್ಷೆ. ವಂಶಾವಳಿ ಬರೆಯುವುದು ಕೆನಲ್ ಕ್ಲಬ್‌ಗಳ ಕೆಲಸ. ಆದರೆ ನಮ್ಮ ಮುಧೋಳ ನಾಯಿಯ ಹೆಸರಿನಲ್ಲೇ ಅವಕ್ಕೆ ಒಮ್ಮತವಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕ್ಯಾರವಾನ್ ಹೌಂಡ್’ ಎನ್ನುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎನ್ನುತ್ತದೆ. ಹೆಸರಲ್ಲೇನಿದೆ ಎನ್ನಬಹುದು. ಇದೆ: ದಾಖಲೆ ಎರಡಾದರೆ ತಳಿಯ ಲೆಕ್ಕವೂ ಎರಡಾಗುತ್ತದೆ, ಊರಿನ ಹೆಸರೂ ಅಳಿಸಿಹೋಗುತ್ತದೆ.

ಇದು ಬೇಟೆನಾಯಿ, ಕುರಿ ಕಾಯುವ ನಾಯಿಯಲ್ಲ ಎಂಬ ಆಕ್ಷೇಪ ಸರಿಯೇ. ಕಣ್ಣಳತೆಯಲ್ಲಿ ಮೊಲವನ್ನು ಅಟ್ಟಿ ಹಿಡಿಯುವುದು ಇದರ ಹುಟ್ಟುಗುಣ. ಮುಧೋಳದ ಮಾಲೋಜಿರಾವ್ ಘೋರ್ಪಡೆ ಅರಸರು ಇದಕ್ಕೆ ಮನ್ನಣೆ ತಂದುಕೊಟ್ಟರು. ಆದರೆ ಸಂಸ್ಥಾನ ಹೋದ ಮೇಲೂ ತಳಿ ಉಳಿದದ್ದು ಅರಮನೆಯಿಂದಲ್ಲ, ಹೊಲ ಮನೆ ಕಾಯಲು ಸಾಕಿದ ಹಳ್ಳಿಗರಿಂದ. ಆದ್ದರಿಂದ ಪ್ರದರ್ಶನದ ಪದಕಕ್ಕಿಂತ ಸಾಕುವವರಿಗೆ ನೆರವಾಗುವ ಸಂಸ್ಥೆಯೇ ಮೇಲು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಇಲ್ಲಿನ ಮರಿಗಳು 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೂ ಹೋದವು. ಕುರಿ ಸೀಮೆಯ ಕಾವಲು ನಾಯಿಗಳಿಗೆ ಮಾತ್ರ ಇಂಥ ಆಸರೆ ಇನ್ನೂ ಬೇಕಿದೆ.

ಅಂದಹಾಗೆ, ಅಂಚೆ ಇಲಾಖೆ ಈ ಹೆಸರಿನ ಜಗಳಕ್ಕೆ ಹೋಗಲಿಲ್ಲ: 2005ರ ಅಂಚೆಚೀಟಿಯಲ್ಲಿ ಅಚ್ಚಾಗಿರುವುದು ‘ಮುಧೋಳ ಹೌಂಡ್’ ಎಂದೇ.